ಬಣ್ಣದ ಕೆಳಗಣ ಕಬ್ಬಿಣ

ಕರಾವಳಿಯ ಹಳೆಯ ಲಾರಿಗಳ ಮಾಲೀಕರಿಗೂ, ಚಾಲಕರಿಗೂ, ಕ್ಲೀನರುಗಳಿಗೂ, ಗ್ಯಾರೇಜುಗಳ ಕುಶಲಕರ್ಮಿಗಳಿಗೂ ಒಂದು ಬಹಿರಂಗ ಪತ್ರ



ಮಲ್ಪೆಯ ಬಂದರಿನಲ್ಲಿ ಬೆಳಗಿನ ಜಾವಕ್ಕೆ ಮೀನಿನ ಪೆಟ್ಟಿಗೆಗಳನ್ನು ಹೇರಿಕೊಂಡು, ಕರಗುವ ಮಂಜುಗಡ್ಡೆಯ ಉಪ್ಪುನೀರನ್ನು ದಾರಿಯುದ್ದಕ್ಕೂ ತೊಟ್ಟಿಕ್ಕಿಸುತ್ತ, ಶಿರಾಡಿಯ ತಿರುವುಗಳನ್ನು ಏರಿ ಘಟ್ಟದ ಮೇಲಣ ಊರುಗಳನ್ನು ಸೇರುವ ಲಾರಿಗಳ ನಡುವೆಯೇ ನನ್ನ ಆಯುಷ್ಯದ ಬಹುಭಾಗವು ಕಳೆದಿದೆ. ನನ್ನ ತಂದೆಯವರು ಲಾರಿಗಳಿಗೆ ಮರದ ಬಾಡಿ ಕಟ್ಟುತ್ತಿದ್ದ ಬಡಗಿಗಳು. ನಾನು ಒಂದು ಹಳೆಯ ಟಾಟಾ 1210 ಲಾರಿಯನ್ನು ಮೂವತ್ತು ವರ್ಷಗಳ ಕಾಲ ಇಟ್ಟುಕೊಂಡಿದ್ದವನು. ಇವೆರಡರ ಹೊರತು ನಿಮ್ಮೆದುರು ನಿಂತು ಮಾತನಾಡಲು ನನಗೆ ಬೇರೆ ಅಧಿಕಾರವಿಲ್ಲ. ಆದರೂ, ನಾನು ಮಾಡಿದ ಒಂದು ತಪ್ಪನ್ನು ನಿಮ್ಮಲ್ಲಿ ಅನೇಕರು ಇಂದಿಗೂ ಪ್ರತಿವರ್ಷ ಶ್ರದ್ಧೆಯಿಂದಲೇ ಮಾಡುತ್ತಿರುವುದನ್ನು ಕಂಡು, ಆ ತಪ್ಪಿನ ಸ್ವರೂಪವನ್ನೂ ಅದರ ಪರಿಹಾರವನ್ನೂ ನಿವೇದಿಸಿಕೊಳ್ಳುವುದು ನನ್ನ ಕರ್ತವ್ಯವೆಂದು ಭಾವಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ಅದೊಂದು ವರ್ಷ, ಆಯುಧಪೂಜೆಗೆ ನಾಲ್ಕು ದಿನ ಮೊದಲು, ಲಾರಿಗೆ ಹೊಸ ಬಣ್ಣ ಬಳಿಸಿದೆನು. ಎಡಗಡೆಯ ಬಾಗಿಲಿನ ಕೆಳಗಿನ ಮೆಟ್ಟಿಲಿನ ತಗಡು ಉಬ್ಬಿದೆಯೆಂದೂ, ಅದನ್ನು ಕೆತ್ತಿ ನೋಡಬೇಕೆಂದೂ ಬಣ್ಣದ ಕೆಲಸದವನು ಹೇಳಿದ್ದನು. ಹಬ್ಬ ಹತ್ತಿರವಾಯಿತು, ಪುಟ್ಟಿ ಹಚ್ಚಿ ಬಣ್ಣ ಹೊಡೆದುಬಿಡು ಎಂದವನು ನಾನೇ. ಲಾರಿಯು ಮದುಮಗಳಂತೆ ಸಿಂಗಾರಗೊಂಡಿತು. ಬಾಳೆಯ ಕಂದು ಕಟ್ಟಿದೆವು, ಚೆಂಡುಹೂವಿನ ಮಾಲೆ ಹಾಕಿದೆವು, ಕುಂಬಳಕಾಯಿ ಒಡೆದೆವು. ದೀಪಾವಳಿ ಕಳೆದು ಒಂದು ವಾರವಾಗಿತ್ತು. ಶಿರಾಡಿಯ ಏರಿನಲ್ಲಿ, ನಸುಕಿನ ಮಂಜಿನಲ್ಲಿ, ಚಕ್ರಕ್ಕೆ ಕಲ್ಲು ಕೊಡಲೆಂದು ಕ್ಲೀನರ್ ಹುಡುಗನು ಬಾಗಿಲು ತೆರೆದು ಆ ಮೆಟ್ಟಿಲಿನ ಮೇಲೆ ಕಾಲಿಟ್ಟನು. ಮೆಟ್ಟಿಲು ಒಣಗಿದ ಹಪ್ಪಳದಂತೆ ಮುರಿಯಿತು. ಹುಡುಗನು ಡಾಂಬರಿನ ಮೇಲೆ ಬಲಗೈ ಊರಿ ಬಿದ್ದನು. ಮಣಿಕಟ್ಟು ಎರಡು ಕಡೆ ಮುರಿದಿತ್ತು. ಮುರಿದ ತುಂಡನ್ನು ಕೈಯಲ್ಲಿ ಹಿಡಿದು ನೋಡಿದಾಗ, ಮೇಲಣ ಬಣ್ಣವು ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಕೆಳಗೆ ಕಬ್ಬಿಣವೆಂಬುದು ಉಳಿದಿರಲಿಲ್ಲ, ಪದರು ಪದರಾದ ಕೆಂಪು ಹೊಟ್ಟು ಮಾತ್ರವೇ ಇತ್ತು. ನಾನು ಬಣ್ಣಕ್ಕೆ ಕೊಟ್ಟ ಹಣವು ಆ ಹುಡುಗನಿಂದ ಅಪಾಯವನ್ನು ಮರೆಮಾಡಲು ಕೊಟ್ಟ ಹಣವಾಗಿತ್ತು.

ತುಕ್ಕಿನ ವಿಷಯವನ್ನು ತಿಳಿಯಬೇಕಾದರೆ ಮೊದಲು ನಮ್ಮ ಕಾಲಕೆಳಗಿನ ನೆಲವನ್ನೇ ನೋಡಬೇಕು. ನಮ್ಮ ಮನೆಗಳ ಗೋಡೆಯ ಮುರಕಲ್ಲು ಕೆಂಪಾಗಿರುವುದು ಅದರಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ. ಕೆಮ್ಮಣ್ಣುಗುಂಡಿಗೆ ಆ ಹೆಸರು ಬಂದುದೂ ಅಂತಹ ಮಣ್ಣಿನಿಂದಲೇ. 1923ರಲ್ಲಿ ಭದ್ರಾವತಿಯಲ್ಲಿ ಆರಂಭವಾದ ಕಾರ್ಖಾನೆಯು ಆ ಗುಡ್ಡದ ಅದಿರನ್ನು ತಂದು, ಮಲೆನಾಡಿನ ಕಟ್ಟಿಗೆಯ ಇದ್ದಿಲಿನೊಡನೆ ಕುಲುಮೆಯಲ್ಲಿ ಕಾಯಿಸಿ, ಮಣ್ಣನ್ನು ಲೋಹವನ್ನಾಗಿಸಿತು. ಕಬ್ಬಿಣವು ಮಣ್ಣಿನೊಳಗೆ ಆಮ್ಲಜನಕದೊಡನೆ ಬೆರೆತು ನೆಮ್ಮದಿಯಿಂದಿದ್ದ ವಸ್ತು. ನಾವು ಬೆಂಕಿಯ ಬಲದಿಂದ ಅದನ್ನು ಬೇರ್ಪಡಿಸಿದೆವು. ನೀರೂ ಗಾಳಿಯೂ ಒಟ್ಟಾಗಿ ದೊರೆತ ಕ್ಷಣದಿಂದ ಅದು ತನ್ನ ತವರಿನ ಕೆಮ್ಮಣ್ಣಿಗೆ ಹಿಂದಿರುಗಲು ತೊಡಗುತ್ತದೆ. ಆದ್ದರಿಂದ ತುಕ್ಕು ಎಂಬುದು ಆಕಸ್ಮಿಕವಾಗಿ ಬಂದೊದಗುವ ರೋಗವಲ್ಲ, ಕಬ್ಬಿಣದ ಸಹಜ ಗತಿ. ಒಮ್ಮೆ ಮದ್ದು ಹಾಕಿ ಮರೆಯತಕ್ಕದ್ದಲ್ಲ, ಬಾಳುವಷ್ಟು ಕಾಲವೂ ತಡೆಯುತ್ತಿರತಕ್ಕದ್ದು.

ಈ ಗತಿಯ ಕ್ರಮದಲ್ಲಿ ಒಂದು ವಿಚಿತ್ರವಿದೆ. ಕೇಂಬ್ರಿಜಿನ ಯು. ಆರ್. ಇವಾನ್ಸ್ ಎಂಬ ವಿಜ್ಞಾನಿಯು ಉಕ್ಕಿನ ತಗಡಿನ ಮೇಲೆ ಒಂದು ಹನಿ ಉಪ್ಪುನೀರನ್ನಿಟ್ಟು ಪರೀಕ್ಷಿಸಿ ತೋರಿಸಿದುದೇನೆಂದರೆ, ಗಾಳಿಯ ಸಂಪರ್ಕವು ಹೆಚ್ಚಾಗಿರುವ ಹನಿಯ ಅಂಚಿನಲ್ಲಿ ಕಬ್ಬಿಣವು ಉಳಿದುಕೊಳ್ಳುತ್ತದೆ, ಗಾಳಿಯು ತಲುಪಲಾರದ ಹನಿಯ ನಡುವಿನಲ್ಲಿ ಸವೆಯುತ್ತದೆ. ಇದನ್ನು ಮನಸ್ಸಿಗೆ ತಂದುಕೊಂಡರೆ, ಕಣ್ಣಿಗೆ ಬೀಳುವ ಬಯಲು ತಗಡಿಗಿಂತ, ಎರಡು ತಗಡುಗಳು ಕೂಡುವ ಸಂದಿನಲ್ಲಿ, ಅಂಟಿದ ಕೆಸರಿನ ಅಡಿಯಲ್ಲಿ, ಒದ್ದೆಯಾದ ಕಾಲುಹಾಸಿನ ಕೆಳಗೆ ಲಾರಿಯು ಮೊದಲು ಸಾಯುವುದೇಕೆಂಬುದು ಅರ್ಥವಾಗುತ್ತದೆ. ಇದಲ್ಲದೆ, ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಸ್ಥಳವನ್ನು ಆಕ್ರಮಿಸುತ್ತದೆ. ಬಣ್ಣವನ್ನು ಗುಳ್ಳೆಯಾಗಿ ಎಬ್ಬಿಸುವುದೂ, ಬಿಗಿದ ಪಟ್ಟಿಗಳನ್ನು ಬಾಗಿಸಿ ಬೇರ್ಪಡಿಸುವುದೂ ಆ ಉಬ್ಬರವೇ. ತಾಮ್ರದ ಕಿಲುಬು ತಾಮ್ರಕ್ಕೆ ಹೊದಿಕೆಯಾಗಬಲ್ಲುದು. ಕಬ್ಬಿಣದ ತುಕ್ಕು ಮಾತ್ರ ಸ್ಪಂಜಿನಂತೆ ನೀರನ್ನು ಹೀರಿ ಹಿಡಿದು, ಇನ್ನಷ್ಟು ಒಳಕ್ಕೆ ದಾರಿ ಮಾಡುತ್ತದೆ.

ಇನ್ನು ನಮ್ಮ ಕರಾವಳಿಯ ಸ್ಥಿತಿಯನ್ನು ವಿಚಾರಿಸಿರಿ. ಗಾಳಿಯ ಆರ್ದ್ರತೆಯು ಶೇಕಡಾ 60ನ್ನು ಮೀರಿದರೆ ಕಬ್ಬಿಣದ ಸವೆತವು ಚುರುಕಾಗುತ್ತದೆ. ಉಪ್ಪಿನ ಲೇಪವಿದ್ದಲ್ಲಿ ಅದಕ್ಕಿಂತ ಕಡಿಮೆ ತೇವವೂ ಸಾಕು, ಏಕೆಂದರೆ ಉಪ್ಪು ಗಾಳಿಯಿಂದಲೇ ನೀರನ್ನು ಸೆಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಆರ್ದ್ರತೆಯು ಶೇಕಡಾ 80ಕ್ಕಿಂತ ಕೆಳಗಿಳಿಯುವುದೇ ಅಪರೂಪ. ಅದರ ಮೇಲೆ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವುದರಿಂದ, ವರ್ಷವಿಡೀ ಉಪ್ಪುನೀರಿನಲ್ಲಿ ನೆಂದ ಮೀನಿನ ಲಾರಿಗಳು ವರ್ಷದ ಅತ್ಯಂತ ತೇವದ ಎರಡು ತಿಂಗಳುಗಳನ್ನು ತೆಂಗಿನ ತೋಟದ ಅಂಚಿನಲ್ಲಿ, ಹುಲ್ಲಿನ ಮೇಲೆ, ಅಲುಗಾಡದೆ ಕಳೆಯುತ್ತವೆ. ಓಡುವ ಲಾರಿಗೆ ಇಂಜಿನಿನ ಬಿಸಿಯೂ ಗಾಳಿಯೂ ತಾಗಿ ಅಷ್ಟಿಷ್ಟಾದರೂ ಒಣಗುವ ಅವಕಾಶವಿದೆ. ನಿಂತ ಲಾರಿಗೆ ಅದೂ ಇಲ್ಲ. ನಾವು ಮಾತ್ರ ಅದನ್ನು ಕೆದಕಿ ನೋಡುವುದು ಮಳೆಯೆಲ್ಲ ಮುಗಿದು, ಹಾನಿಯೆಲ್ಲ ಆದ ಮೇಲೆ, ಆಶ್ವಯುಜದ ನವಮಿಯಂದು! ಪೂಜೆಯ ತಿಥಿಯನ್ನು ಬದಲಿಸಿರೆಂದು ನಾನು ಹೇಳುತ್ತಿಲ್ಲ. ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆಯಂದು ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವ ಮೊದಲು, ನಿಮ್ಮ ಲಾರಿಯ ಅಡಿಭಾಗವನ್ನು ಒಮ್ಮೆ ಬಿಚ್ಚಿ ನೋಡಿರೆಂಬುದೇ ನನ್ನ ವಿನಂತಿ.

ಎಲ್ಲೆಲ್ಲಿ ನೋಡಬೇಕೆಂದರೆ, ಮೊದಲು ಕ್ಯಾಬಿನಿನ ಕಾಲುಹಾಸನ್ನು ಪೂರ್ತಿಯಾಗಿ ಎತ್ತಿರಿ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಇಳಿದುಹೋಗಲೆಂದು ಬಿಟ್ಟಿರುವ ಸಣ್ಣ ತೂತುಗಳನ್ನು ತಂತಿಯಿಂದ ಚುಚ್ಚಿ ಬಿಡಿಸಿರಿ. ಧೂಳು ಕಟ್ಟಿದ ಒಂದು ತೂತು ಇಡೀ ಬಾಗಿಲನ್ನು ಕೊಳವನ್ನಾಗಿಸುತ್ತದೆ. ಮುಂದಿನ ಗಾಜಿನ ರಬ್ಬರಿನ ಅಡಿ, ಬ್ಯಾಟರಿಯ ಆಮ್ಲವು ಚೆಲ್ಲುವ ತಟ್ಟೆ, ಮಡ್‌ಗಾರ್ಡಿನ ಒಳಮೈ, ಕಮಾನು ಪಟ್ಟಿಗಳ ನಡುವಣ ಸಂದು, ಯು-ಬೋಲ್ಟುಗಳು, ಡೀಸೆಲ್ ಟ್ಯಾಂಕನ್ನು ಕಟ್ಟಿದ ಪಟ್ಟಿಗಳು, ಬ್ರೇಕಿನ ಕೊಳವೆಗಳು ಇವನ್ನೆಲ್ಲ ನೋಡಿರಿ. ನನ್ನ ತಂದೆಯವರು ಎಲ್ಲಕ್ಕಿಂತ ಹೆಚ್ಚಾಗಿ ಅಂಜುತ್ತಿದ್ದುದು ಚಾಸಿಯ ಉದ್ದ ತೊಲೆಗೂ ಬಾಡಿಯ ಮರಕ್ಕೂ ನಡುವಿನ ಜಾಗಕ್ಕೆ. ನೆನೆದ ಮರವು ವಾರಗಟ್ಟಲೆ ಒಣಗದೆ ಕಬ್ಬಿಣಕ್ಕೆ ಒದ್ದೆ ಬಟ್ಟೆ ಸುತ್ತಿದಂತೆ ಕೂತಿರುತ್ತದೆ. ಕಣ್ಣಿಗೆ ಕಾಣದುದನ್ನು ಕಿವಿಯಿಂದ ತಿಳಿಯಬಹುದು: ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರೆ, ಗಟ್ಟಿಯಾದ ಕಬ್ಬಿಣವು ಗಂಟೆಯಂತೆ ದನಿಗೊಡುತ್ತದೆ, ಒಳಗೆ ಸತ್ತುದು ಮಣ್ಣಿನ ಮಡಕೆಯಂತೆ ಮಂಕಾಗಿ ನುಡಿಯುತ್ತದೆ. ಬ್ರೇಕಿನ ಕೊಳವೆಯು ತುಕ್ಕಿನಿಂದ ಗುಳಿಬಿದ್ದಿದ್ದರೆ ಅದನ್ನು ಉಜ್ಜಿ ಬಣ್ಣ ಹಚ್ಚಕೂಡದು, ಬದಲಿಸಲೇಬೇಕು. ಚಾಸಿಯ ತೊಲೆಯು ತೆಳುವಾಗಿದ್ದರೆ ಅದರ ಮೇಲೊಂದು ಪಟ್ಟಿ ಬೆಸೆದು ಸಮಾಧಾನಪಟ್ಟುಕೊಳ್ಳದೆ, ಬಲ್ಲವರ ಕಣ್ಣಿಗೆ ತೋರಿಸತಕ್ಕದ್ದು.

ಟಿಂಕರಿಂಗ್ ಕೆಲಸದ ಮಿತ್ರರೇ, ಈಗ ನಿಮ್ಮನ್ನುದ್ದೇಶಿಸಿ ನಾಲ್ಕು ಮಾತು. ತುಕ್ಕಿನ ಮೇಲೆ ಪುಟ್ಟಿ ಹಚ್ಚುವುದು ಗಾಯದ ಕೀವಿನ ಮೇಲೆ ಗಂಧ ತೇಯ್ದು ಹಚ್ಚಿದಂತೆ. ಉಬ್ಬಿದ ಬಣ್ಣವನ್ನು ಕೆತ್ತಿ, ತಂತಿಯ ಬ್ರಷ್ಷಿನಿಂದಲೂ ಗ್ರೈಂಡರಿನಿಂದಲೂ ಉಜ್ಜಿ, ಲೋಹದ ಬೆಳ್ಳಗಿನ ಹೊಳಪು ಕಾಣುವವರೆಗೆ ಹೋಗಬೇಕು. ಹಳೆಯ ಬಣ್ಣಗಳಲ್ಲಿ ಸೀಸವಿರಬಹುದಾದುದರಿಂದ ಆ ಧೂಳು ಮೂಗಿಗೆ ಹೋಗದಂತೆ ಮುಖಕ್ಕೆ ಒಳ್ಳೆಯ ಮಾಸ್ಕನ್ನೂ, ಕಣ್ಣಿಗೆ ಕನ್ನಡಕವನ್ನೂ ಧರಿಸಬೇಕು. ಮೀನಿನ ಲಾರಿಗಳಲ್ಲಿ ಇಷ್ಟು ಸಾಲದು. ತುಕ್ಕಿನ ಗುಳಿಗಳ ತಳದಲ್ಲಿ ಉಪ್ಪು ಅಡಗಿ ಕುಳಿತಿರುತ್ತದೆ; ಅದನ್ನು ಹಾಗೆಯೇ ಬಿಟ್ಟು ಬಣ್ಣ ಹೊಡೆದರೆ ಒಂದೇ ಮಳೆಗಾಲದಲ್ಲಿ ತುಕ್ಕು ಮರಳಿ ಬರುತ್ತದೆ. ಆದ್ದರಿಂದ ಉಜ್ಜಿದ ಮೇಲೆ ಸಿಹಿನೀರಿನಿಂದ ಎರಡು ಮೂರು ಬಾರಿ ತೊಳೆದು, ಪೂರ್ತಿಯಾಗಿ ಒಣಗಿಸಿ, ಮತ್ತೊಮ್ಮೆ ಹಗುರವಾಗಿ ಉಜ್ಜಿ, ಅದೇ ದಿನ ಪ್ರೈಮರ್ ಕೊಡಬೇಕು. ಸತುವು ಹೆಚ್ಚಾಗಿರುವ ಪ್ರೈಮರು ಕಬ್ಬಿಣಕ್ಕಿಂತ ಮೊದಲು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಇಪಾಕ್ಸಿ ಪ್ರೈಮರು ನೀರನ್ನು ಹೊರಗಿಡುತ್ತದೆ. ನಾವೆಲ್ಲ ಬಳಸುವ ರೆಡ್ ಆಕ್ಸೈಡಿನ ಕೆಂಪು ಕಬ್ಬಿಣದ ಆಕ್ಸೈಡಿನ ಕೆಂಪೇ ಆಗಿದ್ದು, ಅದರ ಮೇಲೆ ಬಣ್ಣದ ಎರಡು ಲೇಪಗಳು ಬೀಳದ ಹೊರತು ಅದೊಂದರಿಂದಲೇ ರಕ್ಷಣೆಯಾಗದು. ಕೆಂಪು ಬಳಿದು ತಿಂಗಳುಗಟ್ಟಲೆ ಹಾಗೆಯೇ ಬಿಟ್ಟ ಚಾಸಿಗಳನ್ನು ಕಂಡಾಗಲೆಲ್ಲ ನನಗೆ ವ್ಯಥೆಯಾಗುತ್ತದೆ.

ಕಾಲವನ್ನೂ ನೋಡಬೇಕು. ದೀಪಾವಳಿಯಿಂದ ಯುಗಾದಿಯವರೆಗಿನ ಒಣ ದಿನಗಳೇ ಬಣ್ಣಕ್ಕೆ ಪ್ರಶಸ್ತ. ಅವುಗಳಲ್ಲಿಯೂ ಮುಂಜಾನೆಯ ಇಬ್ಬನಿಯು ಆರಿ, ತಗಡು ಬೆಚ್ಚಗಾದ ಮೇಲೆ ಬ್ರಷ್ಷು ಹಿಡಿಯತಕ್ಕದ್ದು. ಇಬ್ಬನಿ ಬೀಳುವ ಉಷ್ಣತೆಗಿಂತ ಲೋಹವು ಕನಿಷ್ಠ 3 ಡಿಗ್ರಿಯಾದರೂ ಬೆಚ್ಚಗಿರಬೇಕೆಂಬುದು ಈ ವೃತ್ತಿಯಲ್ಲಿ ಎಲ್ಲ ಕಡೆಯೂ ಒಪ್ಪಿದ ನಿಯಮ. ಬ್ರಷ್ಷು ಹೋಗದ ಪೆಟ್ಟಿಗೆಯಂತಹ ಒಳಭಾಗಗಳಿಗೆ ಮೇಣದ ಲೇಪವನ್ನು ಸಿಂಪಡಿಸಿರಿ. ಪತ್ತನಾಜೆಯ ಹೊತ್ತಿಗೆ ಕಮಾನು ಪಟ್ಟಿಗಳಿಗೂ ಕೀಲುಗಳಿಗೂ ಗ್ರೀಸ್ ತುಂಬಿರಿ. ಚಾಸಿಗೆ ಸುಟ್ಟ ಇಂಜಿನ್ ಎಣ್ಣೆಯನ್ನು ಬಳಿಯುವ ಹಳೆಯ ರೂಢಿಯೊಂದಿದೆ. ಅದರಿಂದ ತುಕ್ಕು ಸ್ವಲ್ಪ ತಡೆಯುವುದು ನಿಜವಾದರೂ, ಅದು ರಬ್ಬರನ್ನು ಕೆಡಿಸುತ್ತದೆ, ಚರ್ಮಕ್ಕೆ ಹಾನಿಕರವಾಗಿದೆ, ಮಳೆಗೆ ತೊಳೆದು ನಮ್ಮದೇ ಬಾವಿಯನ್ನು ಸೇರುತ್ತದೆ. ಅದನ್ನು ಬಿಟ್ಟುಬಿಡುವುದೇ ಒಳ್ಳಿತು. ಮತ್ತು ಇವೆಲ್ಲಕ್ಕಿಂತ ಅಗ್ಗವೂ ಮಿಗಿಲೂ ಆದ ಉಪಾಯವೆಂದರೆ, ಮೀನು ಇಳಿಸಿದ ದಿನವೇ ಲಾರಿಯ ಅಡಿಗೆ ಪೈಪು ಹಿಡಿದು ಸಿಹಿನೀರಿನಿಂದ ತೊಳೆಯುವುದು. ಹತ್ತು ನಿಮಿಷದ ಈ ಕೆಲಸವು ಹತ್ತು ವರ್ಷದ ಆಯುಸ್ಸನ್ನು ಕೊಡಬಲ್ಲುದೆಂದು ನನ್ನ ಅನುಭವದಿಂದ ನುಡಿಯುತ್ತೇನೆ.

ಉಪಕರಣಗಳ ವಿಷಯಕ್ಕೆ ಬಂದರೆ ತಂದೆಯವರ ಪೆಟ್ಟಿಗೆಯು ಕಣ್ಣೆದುರು ನಿಲ್ಲುತ್ತದೆ. ಉಳಿ, ಉಜ್ಜುಗೊರಡು, ಗರಗಸ, ಬೈರಿಗೆ ಇವೆಲ್ಲವನ್ನೂ ಅವರು ಪ್ರತಿ ಸಂಜೆ, ತಮ್ಮ ಕೈ ತೊಳೆದುಕೊಳ್ಳುವ ಮೊದಲು, ತಗಡಿನ ಡಬ್ಬಿಯಲ್ಲಿಟ್ಟಿದ್ದ ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದರು. ಬೆವರೂ ಉಪ್ಪೇ ಎಂಬ ರಸಾಯನವನ್ನು ಅವರು ಓದಿರಲಿಲ್ಲ. ಬೆರಳಿನ ಗುರುತು ಮರುದಿನ ಕೆಂಪಾಗಿ ಮೂಡುವುದನ್ನು ಕಂಡಿದ್ದರು, ಅಷ್ಟೆ. ಅವರು ತೀರಿಕೊಂಡ ಮೇಲೆ ಆ ಪೆಟ್ಟಿಗೆಯನ್ನು ನಾನು ಮುರಕಲ್ಲಿನ ಗೋಡೆಗೆ ಒರಗಿಸಿ ಇಟ್ಟು ಎರಡು ಮಳೆಗಾಲ ಮರೆತೆನು. ತೆರೆದಾಗ ಕಂಡುದನ್ನು ವರ್ಣಿಸಲಾರೆ; ಆದರೆ ಬಹುಮಟ್ಟಿಗೆ ಎಲ್ಲವೂ ಮರಳಿ ದೊರೆತುವೆಂಬುದನ್ನು ಕೃತಜ್ಞತೆಯಿಂದ ಹೇಳಬೇಕು.

ತೆಳು ತುಕ್ಕಾದರೆ ಸೀಮೆಎಣ್ಣೆಯಲ್ಲಿ ಅದ್ದಿದ ಎಮರಿ ಕಾಗದವೇ ಸಾಕು. ದಪ್ಪವಾದುದಕ್ಕೆ ನಮ್ಮ ತಾಯಂದಿರು ಕತ್ತಿ ಮೆಟ್ಟುಗತ್ತಿಗಳಿಗೆ ಬಳಸುತ್ತಿದ್ದ ಹುಣಸೆಯ ಹುಳಿಯ ತತ್ತ್ವವೇ ಸಾಕಾಗುತ್ತದೆ: ಅಂಗಡಿಯಲ್ಲಿ ದೊರೆಯುವ ನಿಂಬೆ ಉಪ್ಪನ್ನು ಲೀಟರು ನೀರಿಗೆ 50 ಗ್ರಾಮಿನಂತೆ ಕರಗಿಸಿ, ಪಾನಾಗಳನ್ನೋ ಇಕ್ಕಳವನ್ನೋ ಅದರಲ್ಲಿ ಮುಳುಗಿಸಿ, ಕೆಲವು ಗಂಟೆಗಳಿಗೊಮ್ಮೆ ತೆಗೆದು ಉಜ್ಜುತ್ತಿರಬೇಕು, ರಾತ್ರಿಯಿಡೀ ಮರೆತು ಬಿಟ್ಟರೆ ಹುಳಿಯು ಒಳ್ಳೆಯ ಲೋಹವನ್ನೂ ತಿನ್ನತೊಡಗುತ್ತದೆ. ಅವಸರವಿಲ್ಲದವರು ಮಂಡ್ಯದ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಹೊರಬೀಳುವ ಕಾಕಂಬಿಯನ್ನು ಒಂದು ಪಾಲು, ನೀರನ್ನು ಒಂಬತ್ತು ಪಾಲು ಬೆರೆಸಿ ಅದರಲ್ಲಿ ಒಂದೆರಡು ವಾರ ನೆನೆಯಿಟ್ಟರೆ, ತುಕ್ಕು ಮೆಲ್ಲನೆ ಕರಗಿ ಕಬ್ಬಿಣವು ಉಳಿಯುತ್ತದೆ. ಅಲ್ಯೂಮಿನಿಯಂ, ಹಿತ್ತಾಳೆಗಳನ್ನು ಮಾತ್ರ ಅದರೊಳಗೆ ಹಾಕಬಾರದು. ಮೂರನೆಯದು ವಿದ್ಯುತ್ತಿನ ಮಾರ್ಗ: ಹತ್ತು ಲೀಟರು ನೀರಿಗೆ ಮೂರು ನಾಲ್ಕು ದೊಡ್ಡ ಚಮಚ ಬಟ್ಟೆ ಒಗೆಯುವ ಸೋಡಾ ಹಾಕಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತುಕ್ಕಿನ ಉಪಕರಣವನ್ನು 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತಂತಿಗೂ, ಬೇಡವಾದ ಕಬ್ಬಿಣದ ತುಂಡೊಂದನ್ನು ಧನ ತಂತಿಗೂ ಕಟ್ಟಿ, ಎರಡೂ ಒಂದಕ್ಕೊಂದು ತಗುಲದಂತೆ ಇಳಿಬಿಟ್ಟರೆ, ತುಕ್ಕು ಕಪ್ಪು ಪುಡಿಯಾಗಿ ಸಡಿಲುತ್ತದೆ. ಈ ಕಾರ್ಯದಲ್ಲಿ ಹೊತ್ತಿಕೊಳ್ಳುವ ಜಲಜನಕವು ಹೊರಡುವುದರಿಂದ ಬಯಲಿನಲ್ಲಿಯೇ ಮಾಡತಕ್ಕದ್ದು, ಬೀಡಿಯ ಕಿಡಿಯೂ ಹತ್ತಿರ ಸುಳಿಯಬಾರದು. ಧನ ತುದಿಗೆ ಸ್ಟೇನ್‌ಲೆಸ್ ಉಕ್ಕನ್ನು ಕಟ್ಟಲೇಬಾರದು, ಅದರಿಂದ ವಿಷವಾದ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಸೋಡಾಕ್ಕೆ ಬದಲಾಗಿ ಅಡಿಗೆಯ ಉಪ್ಪನ್ನು ಹಾಕಿದರೆ ಕ್ಲೋರಿನ್ ಅನಿಲವೇಳುತ್ತದೆ. ಗಟ್ಟಿಪಡಿಸಿದ ಸ್ಪ್ರಿಂಗುಗಳಿಗೆ ಹುಳಿಯೂ ವಿದ್ಯುತ್ತೂ ಬೇಡ; ಜಲಜನಕವನ್ನು ಹೀರಿ ಅವು ಪೆಡಸಾಗಿ ಮುರಿಯಬಲ್ಲವು.

ಯಾವ ಮಾರ್ಗವನ್ನು ಹಿಡಿದರೂ ಕೊನೆಯ ಹೆಜ್ಜೆ ಒಂದೇ. ಹುಳಿಯಲ್ಲಿ ನೆನೆದುದನ್ನು ಸೋಡಾ ನೀರಿನಲ್ಲಿ ಅದ್ದಿ, ಬಿಸಿನೀರಿನಿಂದ ತೊಳೆದು, ಆ ಬಿಸಿಯಿಂದಲೇ ಒಣಗಿಸಿ, ಕೂಡಲೆ ಎಣ್ಣೆ ಸವರಬೇಕು. ಬೆತ್ತಲೆಯಾದ ಕಬ್ಬಿಣವು ಒಂದು ಗಂಟೆಯೊಳಗೆ ಮತ್ತೆ ಕೆಂಪಾಗಬಲ್ಲುದು. ಪೂರ್ತಿಯಾಗಿ ತೆಗೆಯಲಾಗದ ಗುಳಿಗಳ ತುಕ್ಕಿಗೆ ಟ್ಯಾನಿನ್ ಅಥವಾ ಫಾಸ್ಫಾರಿಕ್ ಆಮ್ಲವಿರುವ ದ್ರಾವಣಗಳು ದೊರೆಯುತ್ತವೆ. ಅವು ತುಕ್ಕನ್ನೇ ಕರಗದ ಕಪ್ಪು ಪದರವನ್ನಾಗಿ ಮಾರ್ಪಡಿಸುತ್ತವೆ. ಇದು ನಮಗೆ ಅಪರಿಚಿತವಾದುದಲ್ಲ: ಅಳಲೆಕಾಯಿಯ ಒಗರಿಗೆ ಕಬ್ಬಿಣವನ್ನು ಕೂಡಿಸಿ ನಮ್ಮ ಹಿರಿಯರು ಮಸಿಯನ್ನು ಕಾಯಿಸಿದ್ದು ಈ ಗುಣದಿಂದಲೇ. ಆದರೆ ಆ ಕಪ್ಪು ಪದರದ ಮೇಲೂ ಬಣ್ಣವೋ ಎಣ್ಣೆಯೋ ಬೇಕು.

ಹಿಂದಿನ ಕಾಲದ ಕಬ್ಬಿಣಕ್ಕೆ ಇದೊಂದೂ ಬೇಕಿರಲಿಲ್ಲ ಎಂದು ನೀವು ಹೇಳಬಹುದು. ಕೊಡಚಾದ್ರಿಯಲ್ಲಿ, ಆದಿ ಮೂಕಾಂಬಿಕೆಯ ಗುಡಿಯ ಮುಂದೆ, ಘಟ್ಟದ ಮಳೆಯನ್ನೆಲ್ಲ ಮೈಮೇಲೆ ಸುರಿಸಿಕೊಂಡು ನಿಂತ ಪ್ರಾಚೀನ ಕಬ್ಬಿಣದ ಕಂಬವನ್ನು ನಾನೂ ಮುಟ್ಟಿ ನೋಡಿದ್ದೇನೆ. ದೆಹಲಿಯ ಮೆಹರೌಲಿಯಲ್ಲಿ ಗುಪ್ತರ ಕಾಲದ ಕಂಬವು ಹದಿನಾರು ಶತಮಾನಗಳನ್ನು ದಾಟಿದೆ. ಆದರೆ ದೆಹಲಿಯ ಆ ಕಂಬದಲ್ಲಿ ರಂಜಕವು ಅಧಿಕವಾಗಿರುವುದರಿಂದ ಕಬ್ಬಿಣದ ಮೇಲೆ ತೆಳುವಾದ ರಕ್ಷಾಪದರವು ತಾನಾಗಿಯೇ ಕಟ್ಟಿಕೊಂಡಿತೆಂದು ಕಾನ್ಪುರದ ಐಐಟಿಯ ಆರ್. ಬಾಲಸುಬ್ರಹ್ಮಣ್ಯಂ ಅವರು ವಿವರಿಸಿದ್ದಾರೆ. ರಂಜಕವು ಉಕ್ಕನ್ನು ಪೆಡಸಾಗಿಸುವುದರಿಂದ, ಭಾರ ಹೊರುವ ಇಂದಿನ ಉಕ್ಕಿನಲ್ಲಿ ಅದನ್ನು ಬಹಳ ಕಡಿಮೆ ಮಾಡಿರುತ್ತಾರೆ. ಕಂಬವು ನಿಂತಲ್ಲಿಯೇ ನಿಂತಿದೆ. ಲಾರಿಯು ಹತ್ತು ಟನ್ನು ಹೊತ್ತು ಘಟ್ಟ ಹತ್ತಬೇಕು. ಅದಕ್ಕೆ ಬೇಕಾದ ಗುಣವನ್ನು ಕೊಟ್ಟವರು ತುಕ್ಕನ್ನು ತಡೆಯುವ ಭಾರವನ್ನು ನಮ್ಮ ಕೈಗೆ ಬಿಟ್ಟಿದ್ದಾರೆ.

ಆದ್ದರಿಂದ ಮಾಲೀಕರಲ್ಲಿ ನನ್ನ ಪ್ರಾರ್ಥನೆಯೇನೆಂದರೆ, ಬಣ್ಣಕ್ಕೆಂದು ತೆಗೆದಿಟ್ಟ ಹಣದಲ್ಲಿ ಅರ್ಧವನ್ನಾದರೂ ಕೆತ್ತುವ ಕೆಲಸಕ್ಕೆ ಕೊಡಿರಿ. ಕೆತ್ತಿದಾಗ ತೂತು ಕಂಡಿತೆಂದು ಕೆಲಸದವನ ಮೇಲೆ ಸಿಡುಕಬೇಡಿರಿ, ತೂತು ಮೊದಲೇ ಇದ್ದಿತು. ಕುಶಲಕರ್ಮಿಗಳೇ, ಹಬ್ಬದ ಅವಸರದಲ್ಲಿ ಮುಚ್ಚಿಬಿಡು ಎಂದವನಿಗೆ ಆಗದು ಎಂದು ಹೇಳುವ ಧೈರ್ಯವನ್ನು ತಂದುಕೊಳ್ಳಿರಿ. ಅಂದು ನನಗೆ ಯಾರಾದರೂ ಹಾಗೆ ಹೇಳಿದ್ದರೆ ನಾನು ಕೋಪಗೊಳ್ಳುತ್ತಿದ್ದೆನು, ಆದರೆ ಇಂದು ಅವರಿಗೆ ಋಣಿಯಾಗಿರುತ್ತಿದ್ದೆನು. ಕ್ಲೀನರ್ ಹುಡುಗರೇ, ನೀವು ಕಾಲಿಡುವ ಮೆಟ್ಟಿಲನ್ನು ಮಾಲೀಕನ ಮಾತಿನ ಮೇಲೆ ನಂಬಬೇಡಿರಿ.

ಬಿದ್ದ ಆ ಹುಡುಗನು ಇಂದು ನಲವತ್ತು ದಾಟಿದ ಚಾಲಕ. ಅವನ ಬಲ ಮಣಿಕಟ್ಟು ಪೂರ್ತಿಯಾಗಿ ತಿರುಗುವುದಿಲ್ಲ. ಕಳೆದ ಬೇಸಗೆಯಲ್ಲಿ ಬಂದರಿನ ಬಳಿ ಸಿಕ್ಕಿದಾಗ, ಪಾಳಿ ಹಿಡಿಯುವ ಮೊದಲು ಅವನು ಸೀಟಿನ ಕೆಳಗಿನಿಂದ ಒಂದು ಸಣ್ಣ ಸುತ್ತಿಗೆಯನ್ನು ತೆಗೆದು, ಎಡಗೈಯಲ್ಲಿ ಹಿಡಿದು, ಬಾಗಿ, ಎರಡೂ ಬದಿಯ ಮೆಟ್ಟಿಲುಗಳನ್ನು ತಟ್ಟಿ ದನಿಯನ್ನು ಕೇಳಿದನು. ಆ ಮೇಲೆಯೇ ತನ್ನ ಕ್ಲೀನರ್ ಹುಡುಗನಿಗೆ ಹತ್ತು ಎಂದನು. ನಾನು ಪಕ್ಕದಲ್ಲಿ ನಿಂತು ಆ ದನಿಯನ್ನು ಕೇಳಿದೆನು; ಗಟ್ಟಿಯಾಗಿತ್ತು. ಈ ಮಳೆಗಾಲಕ್ಕೆ ಮುಂಚೆ ನಿಮ್ಮ ಲಾರಿಯಿಂದಲೂ ಆ ದನಿಯನ್ನು ಕೇಳಿಕೊಳ್ಳಿರೆಂದು ಬೇಡುತ್ತ ವಿರಮಿಸುತ್ತೇನೆ.

ಇತಿ,
ನಿಮ್ಮ ವಿಶ್ವಾಸಿ,
ಮಲ್ಪೆಯ ಕಡೆಯ ಒಬ್ಬ ಹಳೆಯ ಲಾರಿ ಮಾಲೀಕ